ರೇನ್‌ಕೋಟಿನ ಪೈಲಟ್

ಬಜ್ಪೆಯಲ್ಲಿ ಜಡಿಮಳೆ. ಪೈಲಟ್ ಒಬ್ಬರು ರೇನ್‌ಕೋಟ್ ಹಾಕಿಕೊಂಡು, ಟಾರ್ಚ್ ಹಿಡಿದು ವಿಮಾನಕ್ಕೆ ಸುತ್ತು ಬರುತ್ತಿದ್ದಾರೆ: ಟೈರು, ಇಂಜಿನ್ನಿನ ಬಾಯಿ, ಮೂತಿಯ ಬಳಿ ವೇಗ ಅಳೆಯಲೆಂದು ಇರುವ ಪಿಟೋ ಕೊಳವೆ. ಇಂಜಿನಿಯರ್ ಸಹಿ ಹಾಕಿದ ಮೇಲೂ, ವಿಮಾನ ಹಾರಲು ಯೋಗ್ಯವೆಂದು ತಮಗೆ ಮನದಟ್ಟಾಗದೆ ಕ್ಯಾಪ್ಟನ್ ಹೊರಡುವಂತಿಲ್ಲ. ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. ಇದು ಶಾಸ್ತ್ರಕ್ಕೆ ಹಾಕುವ ಪ್ರದಕ್ಷಿಣೆಯಲ್ಲ. 1996ರಲ್ಲಿ ಪೆರುವಿನಲ್ಲಿ ವಿಮಾನವೊಂದನ್ನು ತೊಳೆದವರು, ಗಾಳಿಯೊತ್ತಡ ಅಳೆಯುವ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ತೆಗೆಯಲು ಮರೆತರು. ಹೊರಡುವ ಮುನ್ನ ಪರೀಕ್ಷಿಸಿದವರ ಕಣ್ಣಿಗೂ ಅದು ಬೀಳಲಿಲ್ಲ. ಕತ್ತಲಲ್ಲಿ ಎತ್ತರವೂ ವೇಗವೂ ಸುಳ್ಳು ತೋರಿ ವಿಮಾನ ಸಮುದ್ರಕ್ಕೆ ಬಿತ್ತು. ಒಳಗಿದ್ದ 70 ಮಂದಿಯೂ ಸತ್ತರು. ಒಂದು ತುಂಡು ಟೇಪು, ಮಾರಾಯರೇ! ಹಾಗಾಗಿ ‘ತಾಂತ್ರಿಕ ಕಾರಣದಿಂದ ವಿಳಂಬ’ ಎಂದಾಗ ಗೊಣಗುವವರ ಸಾಲಿನಲ್ಲಿ ನಾನಿಲ್ಲ, ಮುಂಬೈ ನೆಂಟರ ಮದುವೆಯೂಟ ತಪ್ಪಿದರೂ ಸರಿ.