ಗಡ್ಡದ ಓತಿ, ತೋಟದ ಓತಿ

ಶಿರಸಿ, 14 ಜೂನ್ 2025, ಶನಿವಾರ

ಕಾರವಾರದಿಂದ ಬಂದಿರುವ ಅಕ್ಕನ ಮಗ ತನ್ನ ಸಾಕುಪ್ರಾಣಿಯನ್ನೂ ಪೆಟ್ಟಿಗೆಯಲ್ಲಿಟ್ಟು ತಂದಿದ್ದಾನೆ. ಆಸ್ಟ್ರೇಲಿಯಾದ ಒಣಪ್ರದೇಶ ಮೂಲದ ಈ ಬಿಯರ್ಡೆಡ್ ಡ್ರ್ಯಾಗನ್ನಿಗೆ ನಮ್ಮ ಮನೆಯಲ್ಲಿ ಈಗಾಗಲೇ ಗಡ್ಡದ ಓತಿ ಎಂಬ ಹೆಸರು ಬಿದ್ದಿದೆ. ಬೆಳಿಗ್ಗೆ ತೋಟದ ಬೇಲಿಯ ಮೇಲೆ ಕುತ್ತಿಗೆ ಕೆಂಪೇರಿಸಿಕೊಂಡು ತಲೆ ಕುಣಿಸುತ್ತಿದ್ದ ಓತಿಕ್ಯಾತನನ್ನು ಕಂಡವನೇ, ಗೋಸುಂಬೆ ಸಿಕ್ಕಿತು, ಹಿಡಿದು ಇದರ ಜೊತೆಗೇ ಬಿಡೋಣ ಎಂದು ಹುಡುಗ ಹಟ ಹಿಡಿದ.

ಬಣ್ಣ ಬದಲಿಸುವುದನ್ನೆಲ್ಲ ಗೋಸುಂಬೆ ಎನ್ನುವುದು ನಮ್ಮಲ್ಲಿ ದೊಡ್ಡವರಿಗೂ ಇರುವ ರೂಢಿಯಾದ್ದರಿಂದ ಅವನನ್ನು ಗದರುವಂತಿರಲಿಲ್ಲ. ಓತಿಕ್ಯಾತನ ಕೆಂಪು ಕೂಡುವ ಕಾಲದ ಗಂಡಿನ ಸಿಂಗಾರ. ಹೆಣ್ಣನ್ನು ಸೆಳೆಯುವುದಕ್ಕೂ ಇನ್ನೊಂದು ಗಂಡನ್ನು ಬೆದರಿಸುವುದಕ್ಕೂ ಅದು ಬಳಕೆಯಾಗುತ್ತದೆಯೇ ಹೊರತು ಜನ ಹೇಳುವಂತೆ ಓತಿಕ್ಯಾತ ಯಾರ ರಕ್ತವನ್ನೂ ಹೀರುವುದಿಲ್ಲ. ಬಣ್ಣವನ್ನು ಬದಿಗಿಟ್ಟು ಪಾದ ನೋಡು ಎಂದು ಬೇಲಿಯ ಹತ್ತಿರ ಕರೆದೊಯ್ದೆ. ಓತಿಕ್ಯಾತನ ಐದೂ ಬೆರಳುಗಳು ಬಿಡಿಬಿಡಿಯಾಗಿ, ಉದ್ದವಾಗಿ, ತುದಿಯಲ್ಲಿ ಉಗುರು ಹೊತ್ತು ಗೂಟದ ತೊಗಟೆಯನ್ನು ಹಿಡಿದಿದ್ದವು. ದೇಹಕ್ಕಿಂತ ಉದ್ದವಾದ ಬಾಲ ಸುಮ್ಮನೆ ಇಳಿಬಿದ್ದಿತ್ತು. ಗೋಸುಂಬೆಯಾಗಿದ್ದರೆ ಬೆರಳುಗಳು ಎರಡು ಮತ್ತು ಮೂರರ ಗುಂಪಾಗಿ ಕೂಡಿಕೊಂಡು ರೆಂಬೆಯನ್ನು ಇಕ್ಕಳದಂತೆ ಕಚ್ಚಿ ಹಿಡಿಯುತ್ತಿದ್ದವು, ಬಾಲ ಸುರುಳಿ ಸುತ್ತುತ್ತಿತ್ತು, ಗೋಪುರದಂತೆ ಚಾಚಿಕೊಂಡ ಕಣ್ಣುಗಳಲ್ಲಿ ಒಂದು ನಮ್ಮನ್ನು ನೋಡುತ್ತಿರುವಾಗಲೇ ಇನ್ನೊಂದು ಹಿಂದಿನ ನೊಣವನ್ನು ಹುಡುಕುತ್ತಿತ್ತು. ಇಷ್ಟು ಕೇಳಿದ ಮೇಲೆ ಹುಡುಗ ತಾನಾಗಿಯೇ ಬಗ್ಗಿ ಎಲ್ಲ ಬೆರಳುಗಳನ್ನೂ ಪರೀಕ್ಷಿಸಿದ.

ಸೊಪ್ಪಿನ ಬೆಟ್ಟದ ಕಡೆ ಸಿಗುವ ಇನ್ನೊಂದು ಸಣ್ಣ ಓತಿ ಮಾತ್ರ ಬಲ್ಲವರನ್ನೂ ಯಾಮಾರಿಸುತ್ತದೆ. ಭುಜದ ಮುಂದೆ ಚರ್ಮದ ಓರೆ ಮಡಿಕೆಯಿದ್ದರೆ ಅದು ಓತಿಕ್ಯಾತನಲ್ಲ, ಮೊನಿಲೆಸಾರಸ್ ರೂಕ್ಸಿ. 2018ರವರೆಗೂ ಅದನ್ನು ಓತಿಕ್ಯಾತನ ಕುಲದಲ್ಲಿಯೇ ಇಟ್ಟಿದ್ದರು ಎಂದರೆ ಹೋಲಿಕೆ ಎಷ್ಟೆಂದು ಊಹಿಸಬಹುದು. ಅಡಿಕೆ ಮರದ ಬೊಡ್ಡೆಗೆ ಅಂಟಿದ ಹಾರುವ ಓತಿಯನ್ನು ಗುರುತಿಸಲು ಇಷ್ಟು ಕಷ್ಟಪಡಬೇಕಾಗಿಲ್ಲ. ಉದ್ದವಾದ ಪಕ್ಕೆಲುಬುಗಳು ಬಿಡಿಸಿ ಹಿಡಿಯುವ ಚರ್ಮದ ಮೇಲೆ ಅದು ಮರದಿಂದ ಮರಕ್ಕೆ ತೇಲಿದಾಗ ಗೊಂದಲವೆಲ್ಲ ಮುಗಿಯುತ್ತದೆ. ಇನ್ನು ಹಾವೆಂದು ಹೊಡೆಸಿಕೊಳ್ಳುವ ಬಡಪಾಯಿ ಹಾವರಾಣಿಗೆ ಕಿವಿಯ ರಂಧ್ರವಿದೆ, ಕಣ್ಣುಮುಚ್ಚುವ ರೆಪ್ಪೆಯಿದೆ, ಹಾವಿಗೆ ಇವೆರಡೂ ಇಲ್ಲ. ರೆಪ್ಪೆಯಿಲ್ಲದ ಮನೆಹಲ್ಲಿ ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುವುದನ್ನು ರಾತ್ರಿ ದೀಪದ ಬಳಿ ತೋರಿಸುವುದಾಗಿ ಹೇಳಿದ್ದೇನೆ.

ಹಿಡಿದು ಜೊತೆಗೆ ಬಿಡುವ ಮಾತಿಗೆ ನಾನು ಒಪ್ಪಲಿಲ್ಲ. ಗೋಸುಂಬೆಯೂ ಉಡವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕಾಯ್ದೆಯ ಮಾತು ಬಿಟ್ಟರೂ, ಕಾಡಿನ ಓತಿಯ ಮೈಯಲ್ಲಿರುವ ಉಣ್ಣೆ, ಹೊಟ್ಟೆಯಲ್ಲಿರುವ ಹುಳು ಪೆಟ್ಟಿಗೆಯ ಪ್ರಾಣಿಗೆ ದಾಟುವುದು ಸುಲಭ. ಗಡ್ಡದ ಓತಿಯ ಗಂಡುಗಳಂತೂ ತಮ್ಮದೇ ಜಾತಿಯ ಗಂಡನ್ನು ಹತ್ತಿರ ಸೇರಿಸುವುದಿಲ್ಲ.

ನನಗೆ ನಿಜವಾದ ಚಿಂತೆ ಮಳೆಗಾಲದ್ದು. ಕಾರವಾರದಲ್ಲಿ ಈ ನಾಲ್ಕು ತಿಂಗಳು ಒಗೆದ ಬಟ್ಟೆಯೇ ಒಣಗುವುದಿಲ್ಲ, ಆದರೆ ಈ ಪ್ರಾಣಿಗೆ ಬೇಕಾದದ್ದು ಒಣಗಾಳಿ, ಮೈ ಕಾಯಿಸಿಕೊಳ್ಳುವ ಜಾಗದಲ್ಲಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ, ಇನ್ನೊಂದು ಬದಿಯಲ್ಲಿ ತಂಪು. ಕಿಟಕಿಯ ಗಾಜಿನೊಳಗಿಂದ ಬಿಸಿಲು ಬೀಳುತ್ತದೆ ಎಂದು ಹುಡುಗ ಸಮಾಧಾನ ಹೇಳಿದ, ಆದರೆ ಗಾಜು ನೇರಳಾತೀತ ಕಿರಣದ ಬಿ ಭಾಗವನ್ನು, ಅಂದರೆ ಯುವಿಬಿಯನ್ನು, ತಡೆಯುತ್ತದೆ. ಆ ಕಿರಣವಿಲ್ಲದೆ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುವುದಿಲ್ಲ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಕೊನೆಗೆ ದವಡೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಯುವಿಬಿ ದೀಪ ಬೆಳಗುತ್ತಿದ್ದರೂ ಕಾಲ ಕಳೆದಂತೆ ಅದರ ಕಿರಣದ ಬಲ ಕುಗ್ಗುವುದರಿಂದ ಆಗಾಗ ಬದಲಿಸಬೇಕು. ಗಾಳಿಮಳೆಗೆ ಕರೆಂಟು ಹೋಗುವ ದಿನಗಳಿಗೆ ಇನ್ವರ್ಟರ್ ಆಸರೆ ಬೇಕು. ಬಿಸಿಯಿಲ್ಲದೆ ಇದಕ್ಕೆ ತಿಂದದ್ದು ಅರಗುವುದಿಲ್ಲ.

ಆಹಾರದ ವಿಷಯವನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿ ಕಳಿಸುತ್ತೇನೆ. ಸೊಪ್ಪು, ಸಾಕಿದ ಜಿರಲೆ ಸರಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಕಾಲವಿದು, ತೋಟದ ಮಿಡತೆ ಹಿಡಿದು ಹಾಕುವುದು ಬೇಡ. ಮಿಂಚುಹುಳುವಂತೂ ಬೇಡವೇ ಬೇಡ. ಅಮೆರಿಕದ ಮಿಂಚುಹುಳುಗಳಲ್ಲಿರುವ ಲೂಸಿಬುಫಾಜಿನ್ ಎಂಬ ವಿಷದಿಂದ ಗಡ್ಡದ ಓತಿಗಳು ಸತ್ತದ್ದು ದಾಖಲಾಗಿದೆ, ನಮ್ಮ ಬೆಟ್ಟದ ಮಿಂಚುಹುಳುಗಳನ್ನು ತಿನ್ನಿಸಿ ಪರೀಕ್ಷೆ ಮಾಡುವ ಅಗತ್ಯ ಯಾರಿಗೂ ಇಲ್ಲ. ನಿನ್ನೆ ರಾತ್ರಿ ಅವನು ಬಾಟಲಿಯಲ್ಲಿ ತುಂಬಿಟ್ಟಿದ್ದವುಗಳನ್ನು ಊಟಕ್ಕೆ ಮೊದಲೇ ಹೊರಗೆ ಬಿಡಿಸಿದ್ದೇನೆ.