ಕಿವಿ ಸಣ್ಣದಿದ್ದರೆ ದವಡೆಯನ್ನೂ ನೋಡಿ

ಕೂಸು ಮುದುಡಿದ ಕಿವಿಯೊಂದಿಗೆ ಹುಟ್ಟಿದರೆ ಹುಬ್ಬಳ್ಳಿ-ಧಾರವಾಡದ ಕಡೆ ಎರಡು ಮಾತು ಗ್ಯಾರಂಟಿ: ‘ಗ್ರಹಣದಾಗ ಹೊರಗ ಬಂದಿದ್ಲೇನು?’, ಇಲ್ಲವೇ ‘ಸೋದರಮಾವಗ ಕೊಟ್ಟಿದ್ರಲ್ಲ, ಅದಕ್ಕ.’ ಮೊದಲನೆಯದನ್ನು ಬಿಟ್ಟುಬಿಡಿ. ಎರಡನೆಯದು ಕೆಲವು ಸಲ ನಿಜ, ಹೆಚ್ಚಿನ ಸಲ ಅಲ್ಲ.

ಗರ್ಭದ ನಾಲ್ಕನೇ ವಾರದ ಹೊತ್ತಿಗೆ ನ್ಯೂರಲ್ ಕ್ರೆಸ್ಟ್ ಎಂಬ ಜೀವಕೋಶಗಳು ಮಿದುಳಾಗಲಿರುವ ನಳಿಕೆಯ ಅಂಚಿನಿಂದ ಹೊರಟು ಮುಖದತ್ತ ಬಂದು, ಕತ್ತಿನ ಬಳಿಯ ಕಮಾನಿನಂಥ ಉಬ್ಬುಗಳನ್ನು ತುಂಬುತ್ತವೆ. ಮೊದಲ ಕಮಾನಿನಿಂದ ಕೆಳದವಡೆಯೂ ಕಿವಿಯೊಳಗಿನ ಸುತ್ತಿಗೆ, ಅಡಿಗಲ್ಲು ಮೂಳೆಗಳೂ ಆಗುತ್ತವೆ. ರಿಕಾಪು ಮೂಳೆಯ ಬಹುಪಾಲು ಎರಡನೇ ಕಮಾನಿನದು. ಹೊರಗಿವಿಗೆ ಎರಡೂ ಬೇಕು. ಕಿವಿ ಕೆಟ್ಟಲ್ಲಿ ದವಡೆಯನ್ನೂ ಅನುಮಾನಿಸುವುದು ಇದಕ್ಕೇ.

ಸುಮಾರು 50,000 ಹೆರಿಗೆಗೆ ಒಂದರಂತೆ ಕಾಣುವ, ಕಿವಿ, ದವಡೆ, ಕೆನ್ನೆಮೂಳೆ ಸರಿಯಾಗಿ ಬೆಳೆಯದ ಟ್ರೀಚರ್ ಕಾಲಿನ್ಸ್ ಸಿಂಡ್ರೋಮ್ ತೆಗೆದುಕೊಳ್ಳಿ. ಬಹುತೇಕರಲ್ಲಿ ಕೆಟ್ಟಿರುವುದು ಟಿಸಿಒಎಫ್1 ಜೀನ್. ಅದು ಕೆಟ್ಟರೆ ಪ್ರೋಟೀನ್ ತಯಾರಿಸುವ ರೈಬೋಸೋಮುಗಳು ಸಾಲದೆ, ವೇಗವಾಗಿ ಹೆಚ್ಚಬೇಕಾದ ನ್ಯೂರಲ್ ಕ್ರೆಸ್ಟ್ ಜೀವಕೋಶಗಳು ಹೊರಡುವ ಮೊದಲೇ ಸಾಯುತ್ತವೆ. ಜೀನಿನ ಎರಡು ಪ್ರತಿಗಳಲ್ಲಿ (ಅಪ್ಪನದೊಂದು, ಅವ್ವನದೊಂದು) ಒಂದು ಕೆಟ್ಟರೂ ಸಾಕು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಆ ದೋಷ ಅಪ್ಪ-ಅವ್ವನಲ್ಲಿ ಇರುವುದೇ ಇಲ್ಲ, ಹೊಸದಾಗಿ ಹುಟ್ಟಿದ್ದು. ಪಿಒಎಲ್‌ಆರ್1ಸಿ ಜೀನೂ ಕೆಲವರಲ್ಲಿ ಇದೇ ಸಿಂಡ್ರೋಮಿಗೆ ಕಾರಣ, ಅದರ ಲೆಕ್ಕ ಬೇರೆ: ಅಲ್ಲಿ ಎರಡೂ ಪ್ರತಿ ಕೆಡಬೇಕು. ಒಂದೇ ಕುಟುಂಬದ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಹೆಚ್ಚು, ಸಂಬಂಧದೊಳಗಿನ ಮದುವೆಯ ಮಾತು ಬರುವುದು ಅಲ್ಲಿ. ಈ ಮಕ್ಕಳ ಬುದ್ಧಿ ಸಾಮಾನ್ಯವಾಗಿ ಚುರುಕೇ ಇರುತ್ತದೆ. ಕೇಳಿಸದ ಕೂಸನ್ನು ಮಂದ ಅಂದುಕೊಳ್ಳುವುದು ನಮ್ಮ ತಪ್ಪು.

ಮೊದಲ ಕೆಲಸ ಉಸಿರು. ದವಡೆ ತೀರಾ ಚಿಕ್ಕದಿದ್ದರೆ ಅಂಗಾತ ಮಲಗಿದಾಗ ನಾಲಿಗೆ ಹಿಂದೆ ಬಿದ್ದು ದಾರಿ ಮುಚ್ಚುತ್ತದೆ. ಗೊರಗೊರ ಸದ್ದು, ಎದೆಗೂಡು ಒಳಗೆ ಸೆಳೆಯುವುದು, ಹಾಲು ಕುಡಿಯುವಾಗ ನೀಲಿಗಟ್ಟುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ನಾಲಿಗೆ ಮುಂದೆ ಬರಲೆಂದು ಬೋರಲು ಮಲಗಿಸುವುದು ಅಲ್ಲಿಯ ನಿಗಾದಲ್ಲೇ ಆಗಬೇಕು.

ಎರಡನೆಯದು ಶ್ರವಣ. ಕಿವಿಯ ರಂಧ್ರವೇ ಮುಚ್ಚಿದ್ದರೆ ಕಿವಿಯೊಳಗೆ ಸದ್ದು ಬಿಟ್ಟು ಒಳಕಿವಿಯ ಮರುದನಿ ಅಳೆಯುವ ಓಎಇ ಪರೀಕ್ಷೆ ಆ ಕಿವಿಗೆ ನಡೆಯದು. ಸದ್ದಿಗೆ ಮಿದುಳಿನ ತರಂಗ ಅಳೆಯುವ ಬೆರಾ ಪರೀಕ್ಷೆ ಬೇಕು, ಗಾಳಿಯ ಮೂಲಕವೂ ಮೂಳೆಯ ಮೂಲಕವೂ. ಮೂಳೆಯದನ್ನು ಬಾಯಿಬಿಟ್ಟು ಕೇಳಿ, ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ಕೂಸು ನಿದ್ದೆಯಲ್ಲಿರಬೇಕು, ಆದ್ದರಿಂದ ಹಾಲು ಅಲ್ಲಿಗೆ ಹೋದ ಮೇಲೆಯೇ ಕುಡಿಸಿ. ಒಳಕಿವಿ ಚೆನ್ನಾಗಿದ್ದರೆ ತಲೆಪಟ್ಟಿಗೆ ಕಟ್ಟುವ ಬೋನ್ ಕಂಡಕ್ಷನ್ (ಮೂಳೆಯ ಮೂಲಕ ಸದ್ದು ಒಯ್ಯುವ) ಸಾಧನವನ್ನು ಆರು ತಿಂಗಳೊಳಗೆ ಶುರುಮಾಡಬಹುದು. ಪಕ್ಕೆಲುಬಿನ ಮೃದ್ವಸ್ಥಿಯಿಂದ ಹೊರಗಿವಿ ಕಟ್ಟುವುದು ಸಾಮಾನ್ಯವಾಗಿ 8-10 ವರ್ಷಕ್ಕೆ. ಅದಕ್ಕಾಗಿ ಶ್ರವಣವನ್ನು ಕಾಯಿಸಿದರೆ ಮಾತು ಕಲಿಯುವ ವಯಸ್ಸೇ ಕಳೆದುಹೋಗಿರುತ್ತದೆ.

ಜೀನ್ ಪರೀಕ್ಷೆ ಇವೆರಡರ ನಂತರ. ಒಂದೇ ಪಕ್ಕದ ಕಿವಿ-ದವಡೆ ಚಿಕ್ಕದಿದ್ದರೆ ಬಹುತೇಕ ಯಾವ ಜೀನೂ ಸಿಗುವುದಿಲ್ಲ, ದುಡ್ಡು ಸುರಿಯುವ ಮೊದಲು ಕೇಳಿ ನೋಡಿ. ಎರಡೂ ಪಕ್ಕ, ಕಣ್ಣಿನ ಹೊರತುದಿ ಇಳಿದಿದ್ದರೆ ಮಾಡಿಸಿ; ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ ಕೆಲವೇ ಮಿ.ಲೀ. ರಕ್ತ ಸಾಕು. ಅಪ್ಪ-ಅವ್ವನ ರಕ್ತವನ್ನೂ ಜೊತೆಗೇ ಕೊಡಿ. ಕೆನ್ನೆಮೂಳೆ ಕೊಂಚ ಚಪ್ಪಟೆ ಅನ್ನುವಷ್ಟೇ ಗುರುತಿರುವ ತಂದೆಯಲ್ಲೂ ಅದೇ ಟಿಸಿಒಎಫ್1 ದೋಷ ಇರಬಹುದು, ಇದ್ದರೆ ಮುಂದಿನ ಪ್ರತಿ ಬಸಿರಿಗೂ ಸಾಧ್ಯತೆ 50%.