ಚಿಂಚೋಳಿಯ ಹಳೇ ಮನೆ ಪ್ರವಾಸಿಗರಿಗೆ ಬಾಡಿಗೆ ಕೊಡಬಹುದಾ?

"ಅಜ್ಜನ ಮನಿ ಖಾಲಿ ಬಿದ್ದದ. ಹೊಳಿನೂ ಹತ್ತಿರ, ಕಾಡೂ ಹತ್ತಿರ. ಹೈದರಾಬಾದಿನವರಿಗೆ ಶನಿವಾರ-ರವಿವಾರ ಬಾಡಿಗಿ ಕೊಟ್ರ ನಡೀತದೇನ್ರಿ?" ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯವರು ಸಿಕ್ಕಾಗಲೆಲ್ಲ ಕೇಳುವ ಮಾತು ಇದು. ಕೇಳುವುದರಲ್ಲಿ ತಪ್ಪಿಲ್ಲ. 2011ರಲ್ಲಿ ಇಲ್ಲಿನ ಕಾಡು ವನ್ಯಜೀವಿಧಾಮವಾಯಿತು. ಚಂದ್ರಂಪಳ್ಳಿ ಡ್ಯಾಂ, ಎತ್ತಿಪೋತ ಜಲಪಾತ ನೋಡಲು ಬರುವವರು ರಾಷ್ಟ್ರಕೂಟರ ಮಳಖೇಡ ಕೋಟೆಯನ್ನೂ ಸೇರಿಸಿಕೊಳ್ಳುತ್ತಾರೆ.

ನಡೆಯುತ್ತದೆ, ಆದರೆ ಮನೆಯಲ್ಲಿ ನಿಮ್ಮವರು ವಾಸ ಇದ್ದರೆ ಮಾತ್ರ. ಪ್ರವಾಸೋದ್ಯಮ ಇಲಾಖೆ ಹೋಂಸ್ಟೇ ಎಂದು ನೋಂದಾಯಿಸುವುದು ಮಾಲೀಕರು ಅಲ್ಲೇ ಇರುವ ಮನೆಯನ್ನು. ಬಾಜೂ ಮನೆಯವರ ಕೈಗೆ ಕೀಲಿ ಕೊಟ್ಟು ನೀವು ಪುಣೆಯಲ್ಲಿ ಕೂತರೆ ಅದು ಹೋಂಸ್ಟೇ ಅಲ್ಲ. ಬಂದವರ ಗುರುತಿನ ಚೀಟಿಯ ನಕಲು, ರಿಜಿಸ್ಟರ್ ಇಟ್ಟುಕೊಳ್ಳಬೇಕು. ವಿದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಜನ ಅದನ್ನು ಸಿ ಫಾರ್ಮ್ ಅನ್ನುತ್ತಾರೆ.

ಈಗ ಲೆಕ್ಕ. ವರ್ಷಕ್ಕೆ 52 ವಾರ. ಮಾರ್ಚ್‌ನಿಂದ ಮೇ ತನಕ ಕಲ್ಲೂ ಕಾಯುವ ಬಿಸಿಲು, ಹಳ್ಳದಲ್ಲಿ ನೀರಿಲ್ಲ. ಆ 13 ವಾರ ಬಿಡಿ. ಉಳಿದ 39 ವಾರಾಂತ್ಯಕ್ಕೆ ಎರಡೆರಡು ರಾತ್ರಿಯಂತೆ 78. ಅರ್ಧ ತುಂಬಿದರೂ 39 ರಾತ್ರಿ. ಎರಡು ಕೋಣೆ, ಕೋಣೆಗೆ 1,500 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 1,17,000. ಶೇ. 10ರ ಬಡ್ಡಿಗೆ 15 ಲಕ್ಷ ಸಾಲ ತಂದು ಟೈಲ್ಸ್, ಏಸಿ ಹಾಕಿಸಿದರೆ ಬಡ್ಡಿಯೇ ಒಂದೂವರೆ ಲಕ್ಷ. ಅದಕ್ಕೇ ಮನೆಯನ್ನು ಹೊಸದು ಮಾಡಲು ಹೋಗಬೇಡಿ. ಇದ್ದದ್ದನ್ನು ಸೋರದಂತೆ, ಕೊಳೆಯದಂತೆ ಇಡಿ. ದುಡ್ಡು ಮೊದಲು ಮಾಳಿಗೆಗೆ, ಅಂದರೆ ಮನೆಯ ಮಣ್ಣಿನ ಚಾವಣಿಗೆ ಹೋಗಲಿ, ಆಮೇಲೆ ನೀರಿಗೆ. ಮಂಚ-ಗಾದಿಯ ಸರದಿ ಅದಾದ ಮೇಲೆ.

ಮಣ್ಣಿನ ಮಾಳಿಗೆ ಸೋರಿದರೆ ಎಲ್ಲರೂ ಕೊಡುವ ಸಲಹೆ, ಮೇಲೊಂದು ಕಾಂಕ್ರೀಟ್ ಹಾಕಿಸಿ. ಇದೇ ಮನೆ ಕೆಡಿಸುವ ಕೆಲಸ. 9 ಇಂಚು ಮಣ್ಣು ಚದರಡಿಗೆ ಸುಮಾರು 35 ಕೆಜಿ ತೂಗುತ್ತದೆ. ಅದರ ಮೇಲೆ 4 ಇಂಚು ಕಾಂಕ್ರೀಟ್ ಎಂದರೆ ಇನ್ನೂ 24 ಕೆಜಿ. 12 ಅಡಿ ಅಗಲ, 15 ಅಡಿ ಉದ್ದದ ಕೋಣೆಗೆ ನಾಲ್ಕು ಟನ್ನಿಗೂ ಹೆಚ್ಚು ಹೊಸ ಭಾರ, ಅದೂ ಅಜ್ಜನ ಕಾಲದ ತೊಲೆಗಳ ಮೇಲೆ. ಬಿರುಕಿನಿಂದ ಒಳಗಿಳಿದ ನೀರಿಗೆ ಮೇಲಕ್ಕೆ ಆರಲು ದಾರಿಯಿಲ್ಲದೆ ಅದು ಜಂತಿಗಳನ್ನು ತಿನ್ನುತ್ತದೆ. ಪ್ಲಾಸ್ಟಿಕ್ ತಾಡಪತ್ರಿ ಹಾಸಿ ಮಣ್ಣು ಮುಚ್ಚಿದರೂ ಅದೇ ಗತಿ.

ಮಳೆಗೆ ಮುಂಚೆ, ಮೇ ತಿಂಗಳಲ್ಲಿ, ಮಾಳಿಗೆ ಮೇಲಿನ ಹುಲ್ಲು ಬೇರು ಸಮೇತ ಕಿತ್ತು ಹಾಕಿ. ಇಲಿ ಬಿಲಗಳಿಗೆ ಹಸಿ ಮಣ್ಣು ಕಲಸಿ ತುಂಬಿ. ಮೇಲೆ ಎರಡು ಇಂಚು ಚೌಳು ಮಣ್ಣು ಹರಡಿ, ನೀರು ಚಿಮುಕಿಸಿ ಬಡಿಯಿರಿ. ಹೊಲಕ್ಕೆ ಬೇಡವಾದ ಚೌಳು ಮಾಳಿಗೆಗೆ ಬೇಕು. ಅದರಲ್ಲಿನ ಸೋಡಿಯಂನಿಂದ ಜೇಡಿಯ ಕಣಗಳು ಬಿಡಿಬಿಡಿಯಾಗಿ, ಮೊದಲ ಮಳೆಗೆ ಸಂದುಗಳಲ್ಲಿ ಕೂತು ನೀರಿನ ದಾರಿ ಕಟ್ಟುತ್ತವೆ. ಇಳಿಜಾರು ದೋಣಿಯ ಕಡೆಗೇ, ಅಂದರೆ ಮಳೆನೀರು ಹೊರಗೆ ಬೀಳುವ ಹರಿನಾಳದ ಕಡೆಗೇ ಇರಬೇಕು. ದೋಣಿ ಗೋಡೆಯಿಂದ ಒಂದೂವರೆ ಅಡಿಯಾದರೂ ಹೊರಗೆ ಚಾಚಲಿ, ಇಲ್ಲದಿದ್ದರೆ ಗೋಡೆ ನೆನೆಯುತ್ತದೆ. ತೊಲೆಗಳನ್ನು ನಡುವೆ ತಟ್ಟಿ ನೋಡಿದರೆ ಸಾಲದು. ಗೋಡೆಯೊಳಗೆ ಹೋದ ತುದಿಯೇ ಮೊದಲು ಕೊಳೆಯುವುದು. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಬಡಿಗೇರನ್ನು ಕರೆಸಿ.

ನೀರಿನ ಟ್ಯಾಂಕ್ ಮಾಳಿಗೆ ಮೇಲೆ ಇಡಲೇಬೇಡಿ. ಸಾವಿರ ಲೀಟರ್ ಎಂದರೆ ಒಂದು ಟನ್, ಒಂದೇ ಕಡೆ. ಹಿತ್ತಲಲ್ಲಿ ಬೇರೆ ಕಂಬ ಕಟ್ಟಿ ಇಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ಕು ಜನಕ್ಕೆ 540. ಒಗೆಯುವುದಕ್ಕೂ ಸೇರಿಸಿ ಸಾವಿರದ ಟ್ಯಾಂಕ್ ಸಾಕು. ಹತ್ತು ಅಡಿ ಎತ್ತರದಿಂದ ಬರುವ ಒತ್ತಡಕ್ಕೆ ಷವರ್ ಹೆಸರಿಗಷ್ಟೇ. ದೊಡ್ಡ ಬಕೆಟ್, ಒಳ್ಳೇ ಚೊಂಬು ಇಡಿ, ಯಾರೂ ಗೊಣಗುವುದಿಲ್ಲ. ಬೋರ್ ನೀರು ಗಡಸು. ಗೀಸರ್ ಉಷ್ಣತೆ 55 ಡಿಗ್ರಿಗಿಂತ ಮೇಲೆ ಇಟ್ಟರೆ ಕಾಯಿಲ್ ಮೇಲೆ ಸುಣ್ಣ ಬೇಗ ಕಟ್ಟುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ.

ಬಚ್ಚಲು, ಸಂಡಾಸು ಮಣ್ಣಿನ ಗೋಡೆಗೆ ಅಂಟಿಸದೆ ನಾಲ್ಕಡಿ ಬಿಟ್ಟು ಹಿತ್ತಲಲ್ಲಿ ಕಟ್ಟಿಸಿ. ಎರೆಮಣ್ಣಿನಲ್ಲಿ ಇಂಗುಗುಂಡಿ ಮಳೆಗಾಲಕ್ಕೆ ನೀರು ಕುಡಿಯುವುದಿಲ್ಲ, ಉಕ್ಕುತ್ತದೆ. ಗುಂಡಿ ದೊಡ್ಡದಿರಲಿ, ಸುತ್ತ ಮರಳು-ಜಲ್ಲಿ ತುಂಬಿಸಿ, ಬೋರಿನಿಂದ 50 ಅಡಿ ದೂರ ಇರಲಿ.

ನೆಲದ ಶಹಾಬಾದ್ ಕಲ್ಲಿನ ಬಗ್ಗೆ ಒಂದೇ ಎಚ್ಚರಿಕೆ. ಅದು ಸುಣ್ಣದ ಕಲ್ಲು. ಸಂಡಾಸು ತೊಳೆಯುವ ಆಸಿಡ್ ಒಂದು ಹನಿ ಬಿದ್ದರೆ ಚುರ್ ಎಂದು ನೊರೆ ಎದ್ದು ಬಿಳಿ ಕಲೆ ಉಳಿಯುತ್ತದೆ, ಅದು ಹೋಗುವುದಿಲ್ಲ. ನಿಂಬೆರಸವೂ ಹೊಳಪು ತಿನ್ನುತ್ತದೆ. ಬರೀ ನೀರು, ಸ್ವಲ್ಪ ಸಾಬೂನು ಸಾಕು.

ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ತೊಗರಿಬ್ಯಾಳಿ. ಪನೀರ್ ಮಾಡಲು ಹೋಗಬೇಡಿ. ಅದಕ್ಕೆ ಯಾರೂ ಇಷ್ಟು ದೂರ ಬರುವುದಿಲ್ಲ.

ಕಾಡಿನ ವಿಷಯದಲ್ಲಿ ಆಸೆ ಹುಟ್ಟಿಸಬೇಡಿ. ತೋಳ, ಕತ್ತೆಕಿರುಬ ಇವೆ, ಆದರೆ ಕಾಣುತ್ತವೆ ಎಂದು ಜಾಹೀರಾತು ಬರೆದರೆ ಸುಳ್ಳಾಗುತ್ತದೆ. ವನ್ಯಜೀವಿಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಇದನ್ನು ಬುಕಿಂಗ್ ವೇಳೆಯೇ ಹೇಳಿ. ನಾಗರಾಳ ಜಲಾಶಯದ ಗೇಟು ತೆಗೆದ ದಿನ ಮುಲ್ಲಾಮಾರಿ ಹೊಳೆಯ ದಂಡೆಗೆ ಯಾರನ್ನೂ ಕಳಿಸಬೇಡಿ. ಚಂದಾಪುರದ ಕಡೆ ದಾಟಲು ಆಗದೆ ಅತಿಥಿಗಳು ಒಂದು ದಿನ ಹೆಚ್ಚಿಗೆ ಉಳಿದರೆ ಆ ದಿನದ ಬಾಡಿಗೆ ಬಿಟ್ಟುಬಿಡಿ.

ಬೋರ್ಡ್ ಬರೆಸುವ ಆತುರ ಬೇಡ. ದೊಡ್ಡ ಮಳೆ ಬಂದ ರಾತ್ರಿ ನೀವೇ ಆ ಮನೆಯಲ್ಲಿ ಮಲಗಿ, ತಟಕು ಬಿದ್ದ ಕಡೆಯೆಲ್ಲ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಗ್ಗೆ ಮಾಳಿಗೆ ಹತ್ತಿದಾಗ ನೆನಪಿರಲಿ, ನೀರು ಒಳಗಿಳಿದ ತೂತು ಗುರುತಿನ ನೇರಕ್ಕೇ ಇರುವುದಿಲ್ಲ. ಜಂತಿಗುಂಟ ಹರಿದು ಬಂದಿರುತ್ತದೆ, ಇಳಿಜಾರಿನ ಮೇಲ್ಗಡೆ ಎರಡು-ಮೂರು ಅಡಿ ಹುಡುಕಿ.